ನನ್ನ ಹತ್ತಿರ ಇಲ್ಲದ ಫೋಟೊಗಳು

“ಸಾಹೇಬ್ರ, ನಮ್ಮ ಫೋಟೊ ಎಲ್ಲಾ ಎಲ್ಲಿಗೆ ಹೊಕ್ಕಾವ್ರಿ?”

2024ರ ಏಪ್ರಿಲ್. ಕೊಪ್ಪಳ ತಾಲೂಕಿನ ಒಂದು ಹಳ್ಳಿಯ ಕೆರೆಯಲ್ಲಿ ಹೂಳೆತ್ತುವ ಕೆಲಸ ನಡೆದಿತ್ತು. ಹತ್ತು ಗಂಟೆಗೇ ಬಿಸಿಲು ನೆತ್ತಿ ಸುಡುತ್ತಿತ್ತು. ಬುಟ್ಟಿ ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಒಬ್ಬ ಅವ್ವ ಹೀಗೆ ಕೇಳಿದರು. ಉದ್ಯೋಗ ಖಾತ್ರಿ ಕಾಮಗಾರಿಗಳ ಅಳತೆ ನೋಡುವುದು, ಲೆಕ್ಕ ಬರೆಯುವುದು ನನ್ನ ಕೆಲಸ. ಕೆಲಸ ಶುರುವಾಗುವ ಮುಂಚೆ, ನಡೆಯುವಾಗ, ಮುಗಿದ ಮೇಲೆ ಫೋಟೊ ತೆಗೆಯಬೇಕು. ಕೂಲಿಕಾರರ ಹಾಜರಾತಿ ಫೋಟೊವನ್ನು ಕಾಯಕ ಬಂಧುಗಳು, ಅಂದರೆ ಕೂಲಿ ಗುಂಪಿನ ಮುಂದಾಳುಗಳು, ದಿನಕ್ಕೆ ಎರಡು ಸಲ ಬೇರೆ ತೆಗೆಯುತ್ತಾರೆ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಆ್ಯಪ್ ತೆರೆದು ಒತ್ತಿದರೆ ಆಯಿತು.

“ಸರ್ವರ್‌ಗೆ ಹೋಗ್ತಾವ ಯವ್ವಾ” ಅಂದೆ.

“ಅದು ಎಲ್ಲೈತ್ರಿ?”

ಬಾಯಿ ತೆರೆದೆ, ಉತ್ತರ ಬರಲಿಲ್ಲ. “ನಾವು ಹೆಂಗ ಕಾಣ್ತೀವಿ ಅಂತ ನಮಗ ಒಂದ್ಸಲಾನೂ ಯಾರೂ ತೋರಿಸಿಲ್ರಿ” ಅಂತ ಹೇಳಿ ಅವರು ಬುಟ್ಟಿ ಎತ್ತಿಕೊಂಡು ಹೋದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದದ್ದನ್ನು ಹೇಳಿದ್ದರು ಅಷ್ಟೇ.

ಆ ಫೋಟೊಗಳು ಬೇಕೇಬೇಕು. ಯಾರು ಬಂದರು, ಎಷ್ಟು ಅಗೆದರು ಅನ್ನುವುದಕ್ಕೆ ಅವೇ ಸಾಕ್ಷಿ. ಆದರೆ ಅವತ್ತು ರಾತ್ರಿ ಮೊಬೈಲ್ ತೆಗೆದು ನೋಡಿದೆ. ಗ್ಯಾಲರಿಯಲ್ಲಿ ಸಾವಿರಾರು ಮುಖಗಳು. ಬೆರಳಿನಿಂದ ತಳ್ಳಿದಷ್ಟೂ ಬರುತ್ತಲೇ ಇದ್ದವು. ಅದರಲ್ಲಿ ಒಂದಾದರೂ ಆ ಮುಖದವರ ಕೈಗೆ ಹೋಗಿತ್ತಾ? ಒಂದೂ ಇಲ್ಲ.

ಆ ಅವ್ವನ ಮಾತಿನಂಥದೇ ಇನ್ನೊಂದು ಮಾತು 1943ರಲ್ಲಿ ಅಮೆರಿಕದ ಸಾಂಟಾ ಫೆ ಊರಿನಲ್ಲಿ ಬಂದಿತ್ತು. ಪೋಲರಾಯ್ಡ್ ಕಂಪನಿ ಕಟ್ಟಿದ ಎಡ್ವಿನ್ ಲ್ಯಾಂಡ್ ರಜೆಗೆಂದು ಮನೆಯವರ ಜೊತೆ ಅಲ್ಲಿಗೆ ಹೋಗಿದ್ದರು. ಮೂರು ವರ್ಷದ ಮಗಳ ಫೋಟೊ ತೆಗೆದರು. ಅದನ್ನು ಈಗಲೇ ಯಾಕೆ ನೋಡಬಾರದು ಅಂತ ಕೂಸು ಕೇಳಿತು. ಲ್ಯಾಂಡ್ ಊರಲ್ಲಿ ಒಂದು ಸುತ್ತು ನಡೆದು ಬಂದರಂತೆ. ಒಂದು ಗಂಟೆಯೊಳಗೆ ಕ್ಯಾಮೆರಾ, ಫಿಲ್ಮು, ರಸಾಯನ ಎಲ್ಲದರ ನಕ್ಷೆ ತಲೆಯಲ್ಲಿ ಕೂತಿತ್ತು ಅಂತ ಮುಂದೆ ಅವರೇ ಹೇಳಿಕೊಂಡರು. ತಲೆಯಲ್ಲಿದ್ದದ್ದು ಕೈಗೆ ಬರಲು ಮಾತ್ರ ವರ್ಷಗಳು ಹಿಡಿದವು. 1947ರ ಫೆಬ್ರವರಿ 21ರಂದು ನ್ಯೂಯಾರ್ಕ್‌ನಲ್ಲಿ ವಿಜ್ಞಾನಿಗಳ ಎದುರು ಮಾಡಿ ತೋರಿಸಿದರು. 1948ರ ನವೆಂಬರ್‌ನಲ್ಲಿ ಬಾಸ್ಟನ್‌ನ ಅಂಗಡಿಯೊಂದರಲ್ಲಿ, ತೆಗೆದ ಸ್ವಲ್ಪ ಹೊತ್ತಿಗೇ ಫೋಟೊ ಕೈಗೆ ಕೊಡುವ ಅವರ ಮೊದಲ ಕ್ಯಾಮೆರಾ ಮಾರಾಟಕ್ಕೆ ಬಂತು.

ಒಂದು ಕೂಸಿನ ಮಾತನ್ನು ಒಬ್ಬ ದೊಡ್ಡ ಮನುಷ್ಯ ಹಗುರವಾಗಿ ತಗೊಳ್ಳಲಿಲ್ಲ. ಈ ಕತೆಯಲ್ಲಿ ನನಗೆ ತುಂಬ ಇಷ್ಟವಾಗೋದು ಅದು. ಕೆರೆಯ ಅವ್ವನ ಮಾತನ್ನು ನಾನೂ ಹಾಗೆ ಬಿಡಬಾರದು ಅನ್ನಿಸಿತು.

ಕ್ಯಾಮೆರಾ ಹೊಸದಾಗಿ ಕೊಳ್ಳಲಿಲ್ಲ. ನನ್ನ ಅಕ್ಕನ ಮಗಳ ಮದುವೆ ಹೊಸಪೇಟೆಯಲ್ಲಿ ಆಗಿತ್ತು. ಈಗಿನ ಮದುವೆಗಳಲ್ಲಿ ಬಾಗಿಲ ಹತ್ತಿರ ಒಂದು ಟೇಬಲ್ ಹಾಕಿ, ತೆಗೆದ ಕೂಡಲೇ ಫೋಟೊ ಹಾಳೆ ಹೊರಗೆ ಬರುವ ಒಂದು ಇನ್‌ಸ್ಟಾಕ್ಸ್ ಕ್ಯಾಮೆರಾ, ಒಂದು ದಪ್ಪ ಪುಸ್ತಕ ಇಟ್ಟಿರುತ್ತಾರೆ. ಬಂದವರು ಫೋಟೊ ತೆಗೆಸಿಕೊಂಡು, ಪುಸ್ತಕಕ್ಕೆ ಅಂಟಿಸಿ, ಪಕ್ಕದಲ್ಲಿ ನಾಲ್ಕು ಸಾಲು ಬರೆಯಬೇಕು. ಮದುವೆ ಮುಗಿದ ಮೇಲೆ ಅದು ಕಪಾಟು ಸೇರಿತ್ತು. “ಮಾಮಾ, ನೀವ ತಗೊಂಡ್ ಹೋಗ್ರಿ, ಇಲ್ಲಿ ಸುಮ್ನೆ ಬಿದ್ದೈತಿ” ಅಂತ ಕೊಟ್ಟಳು. ತಿಳಿನೀಲಿ ಬಣ್ಣದ ಮಿನಿ 9. ಮಕ್ಕಳ ಆಟಿಕೆ ಥರ ಕಾಣುತ್ತದೆ. ಫ್ಯೂಜಿಫಿಲ್ಮ್‌ನವರು ಈ ಮಿನಿ ಸಾಲನ್ನು 1998ರಲ್ಲಿ ಶುರು ಮಾಡಿದ್ದು.

ಒಂದು ಪ್ಯಾಕಿನಲ್ಲಿ ಹತ್ತು ಹಾಳೆ. ಆ ವರ್ಷ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಫಿಲ್ಮಿನ ಒಂದು ಪ್ಯಾಕಿಗೆ ಅದಕ್ಕಿಂತ ಜಾಸ್ತಿ. ಈ ಲೆಕ್ಕ ನನ್ನ ತಲೆಯಿಂದ ಯಾವತ್ತೂ ಹೋಗುವುದಿಲ್ಲ. ಬಟನ್ ಒತ್ತುವ ಮುಂಚೆ ಪ್ರತಿ ಸಲ ನೆನಪಾಗುತ್ತದೆ. ನೆನಪಾಗಲಿ ಅಂತಲೇ ನನ್ನ ಆಸೆ. ಮೊಬೈಲಿನಲ್ಲಿ ಒಬ್ಬರದೇ ಇಪ್ಪತ್ತು ಫೋಟೊ ಹೊಡೆದು ಆಮೇಲೆ ಆರಿಸುತ್ತೇವೆ. ಇಲ್ಲಿ ಮೊದಲು ಆರಿಸಬೇಕು, ಆಮೇಲೆ ಒತ್ತಬೇಕು. ಹಾಗಾಗಿ ಎದುರಿಗಿರುವವರನ್ನು ನಿಜಕ್ಕೂ ನೋಡುತ್ತೇನೆ. ಹೆಸರು ಕೇಳುತ್ತೇನೆ. ತಲೆಯ ಮೇಲಿನ ಟವೆಲ್ ಇರಲಾ, ತೆಗೆಯಲಾ ಅಂತ ಅವರು ಕೇಳುತ್ತಾರೆ. ಸಲಿಕೆ ಕೈಯಲ್ಲಿ ಇರಲಿ ಅನ್ನುವವರಿದ್ದಾರೆ, ಸಲಿಕೆ ಕಾಣಲೇಬಾರದು ಅನ್ನುವವರೂ ಇದ್ದಾರೆ. ಲೆನ್ಸಿನ ಪಕ್ಕದಲ್ಲಿ ಉಗುರಿನಷ್ಟು ಕನ್ನಡಿ ಒಂದಿದೆ, ಸೆಲ್ಫಿ ತೆಗೆಯುವವರಿಗೆ ಅಂತ ಇಟ್ಟದ್ದು. ನಮ್ಮ ಹೆಣ್ಣುಮಕ್ಕಳು ಅದರ ಹತ್ತಿರ ಬಗ್ಗಿ ಕುಂಕುಮ ಸರಿ ಮಾಡಿಕೊಂಡು, ಹಿಂದೆ ಹೋಗಿ ನಿಲ್ಲುತ್ತಾರೆ.

ಮೊದಲ ಪ್ಯಾಕ್ ಪೂರ್ತಿ ಹಾಳಾಯಿತು. ಬೈಕಿನ ಸೈಡ್ ಬಾಕ್ಸಿನಲ್ಲಿ ಕ್ಯಾಮೆರಾ ಇಟ್ಟು ಮಧ್ಯಾಹ್ನದವರೆಗೂ ಬಿಸಿಲಿನಲ್ಲಿ ನಿಲ್ಲಿಸಿದ್ದೆ. ಬಂದ ಚಿತ್ರಗಳೆಲ್ಲ ಬಣ್ಣ ಕೆಟ್ಟು, ಹಳೇ ಗೋಡೆಯ ಹಾಗೆ ಮಂಕಾಗಿದ್ದವು. ಈ ಕ್ಯಾಮೆರಾ 5ರಿಂದ 40 ಡಿಗ್ರಿಯೊಳಗೆ ಕೆಲಸ ಮಾಡುವಂಥದು. ನಮ್ಮ ಕೊಪ್ಪಳದ ಬೇಸಿಗೆಗೆ 40 ದಾಟುವುದು ಹೊಸದಲ್ಲ, ಮುಚ್ಚಿದ ಡಬ್ಬಿಯೊಳಗಂತೂ ಕೇಳಲೇಬೇಡಿ. ಈಗ ಫಿಲ್ಮು ಮನೆಯ ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಪಕ್ಕ ಇರುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಹೊರಗೆ ತೆಗೆದಿಟ್ಟು, ತಂಪು ಇಳಿದ ಮೇಲೆ ಪ್ಯಾಕ್ ಒಡೆಯುತ್ತೇನೆ. ಕ್ಯಾಮೆರಾ ಬುತ್ತಿಯ ಚೀಲದಲ್ಲಿ, ಒಣ ಬಟ್ಟೆ ಸುತ್ತಿಕೊಂಡು, ನೀರಿನ ಬಾಟಲಿಯ ಮಗ್ಗುಲಲ್ಲಿ ಪ್ರಯಾಣ ಮಾಡುತ್ತದೆ.

ಬೆಳಕಿನ ಪಾಠವೂ ಹೀಗೇ ಬಂತು. ಮಿನಿ 9ರಲ್ಲಿ ಶಟರ್ ವೇಗ ಒಂದೇ, ಸೆಕೆಂಡಿನ 60ನೇ ಒಂದು ಭಾಗ. ಬದಲಾಗುವುದು ಲೆನ್ಸಿನ ಕಿಂಡಿ ಮಾತ್ರ. ಲೆನ್ಸಿನ ಸುತ್ತ ಒಂದು ಬಳೆ ಇದೆ. ಅದರ ಮೇಲೆ ಮನೆ, ಮೋಡ, ಸೂರ್ಯ ಅಂತ ಚಿತ್ರ ಇವೆ. ಯಾವ ಚಿತ್ರದ ಪಕ್ಕ ದೀಪ ಹತ್ತುತ್ತದೋ ಅಲ್ಲಿಗೆ ಬಳೆ ತಿರುಗಿಸಬೇಕು. ಆದರೆ ನಮ್ಮ ಬಿಸಿಲಿನಲ್ಲಿ ಬಿಳಿ ಧೋತರ, ಬಿಳಿ ರುಮಾಲು ಉಟ್ಟ ಹಿರಿಯರನ್ನು ಹನ್ನೆರಡು ಗಂಟೆಗೆ ನಿಲ್ಲಿಸಿದರೆ ಮುಗಿಯಿತು. ಬಟ್ಟೆಯ ಒಂದು ನೆರಿಗೆಯೂ ಕಾಣದ ಹಾಗೆ ಬೆಳ್ಳಗೆ ಸುಟ್ಟುಹೋಗುತ್ತದೆ, ಮುಖ ಕಪ್ಪಾಗಿ ಉಳಿಯುತ್ತದೆ. ಬೆಳಿಗ್ಗೆ ಏಳು, ಏಳೂವರೆ ಒಳ್ಳೆಯ ಹೊತ್ತು. ಕೆರೆಯ ಏರಿಯ ಮೇಲೆ ಎಳೆ ಬಿಸಿಲು ಬಿದ್ದಿರುತ್ತದೆ, ಗುದ್ದಲಿ ಇನ್ನೂ ಬೆಚ್ಚಗಾಗಿರುವುದಿಲ್ಲ, ಮುಖದಲ್ಲಿ ದಣಿವಿರುವುದಿಲ್ಲ. ಫ್ಲ್ಯಾಶ್ ಹಗಲಿನಲ್ಲೂ ಹೊಡೆಯುತ್ತದೆ. ಅದರ ಬೆಳಕು ಮುಟ್ಟುವುದು 0.6ರಿಂದ 2.7 ಮೀಟರ್ ದೂರದವರೆಗೆ. ಅಂದರೆ ಮಾತಾಡುವಷ್ಟು ಹತ್ತಿರ ಹೋಗಲೇಬೇಕು. ದೂರದಿಂದ ಕದ್ದು ತೆಗೆಯುವ ಫೋಟೊ ಇದರಲ್ಲಿ ಆಗುವುದಿಲ್ಲ. ನನಗೆ ಅದೂ ಒಳ್ಳೆಯದೇ ಅನ್ನಿಸುತ್ತದೆ.

ಆಮೇಲೆ ಆ ಒಂದೂವರೆ ನಿಮಿಷ.

ಕಿರ್‍ರ್ ಅಂತ ಸದ್ದಾಗಿ ಹಾಳೆ ಹೊರಗೆ ಬರುತ್ತದೆ. ಬೆಳ್ಳಗಿರುತ್ತದೆ, ಏನೂ ಇರುವುದಿಲ್ಲ. “ಬಂದಿಲ್ಲೇಳ್ರಿ” ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಇಸಕೊಂಡವರು ಗಾಳಿ ಬೀಸಿದ ಹಾಗೆ ಬೀಸಲು ಶುರು ಮಾಡುತ್ತಾರೆ. ಬೇಡ ಬೇಡ ಅಂತ ತಡೆಯುತ್ತೇನೆ. ಬೀಸುವ ರೂಢಿ ಹಳೆಯ ಪೋಲರಾಯ್ಡ್ ಕಾಲದ್ದು. ಆಗ ಮೇಲಿನ ಹಾಳೆ ಸುಲಿದರೆ ಒದ್ದೆ ಫೋಟೊ ಕೈಗೆ ಬರುತ್ತಿತ್ತು, ಆರಬೇಕಿತ್ತು. 1972ರಲ್ಲಿ ಎಸ್‌ಎಕ್ಸ್-70 ಬಂದ ಮೇಲೆ ಸುಲಿಯುವ ಕೆಲಸ ಹೋಯಿತು, ಎಲ್ಲವೂ ಹಾಳೆಯ ಒಳಗೇ ನಡೆಯತೊಡಗಿತು. ಈಗ ಬೀಸಿದರೆ ಲಾಭ ಏನಿಲ್ಲ, ಒಳಗಿನ ಪದರ ಬಿಟ್ಟುಕೊಂಡು ಕಲೆ ಬೀಳಬಹುದು.

ಆ ಹಾಳೆಯೊಳಗೆ ಏನು ನಡೆಯುತ್ತದೆ ಅಂತ ತಿಳಿದುಕೊಂಡಾಗ ನನಗೆ ಇನ್ನೂ ಖುಷಿಯಾಯಿತು. ಕೂದಲಿಗಿಂತ ತೆಳುವಾದ ಎಷ್ಟೋ ಪದರಗಳು ಒಂದರ ಮೇಲೊಂದು ಕೂತಿವೆ. ನೀಲಿ ಬೆಳಕನ್ನು ಹಿಡಿಯುವುದು ಒಂದು, ಹಸಿರಿಗೆ ಒಂದು, ಕೆಂಪಿಗೆ ಒಂದು. ಹಾಳೆಯ ಅಂಚಿನಲ್ಲಿ ಕ್ಷಾರದ ಗಂಜಿಯಂಥ ರಸ ತುಂಬಿದ ಪುಟ್ಟ ಚೀಲ. ಹಾಳೆ ಹೊರಗೆ ಬರುವಾಗ ಎರಡು ರೋಲರ್‌ಗಳ ನಡುವೆ ಕಬ್ಬಿನ ಹಾಗೆ ಹಿಂಡಿಸಿಕೊಂಡು ಬರುತ್ತದೆ. ಚೀಲ ಒಡೆದು ರಸ ಪದರಗಳ ನಡುವೆ ಸಮನಾಗಿ ಹರಡುತ್ತದೆ. ಬೆಳಕು ಬಿದ್ದಲ್ಲಿ ಒಂದು ರೀತಿ, ಬೀಳದಲ್ಲಿ ಇನ್ನೊಂದು ರೀತಿ ಬಣ್ಣಗಳು ಮೇಲಕ್ಕೆ ಸಾಗುತ್ತವೆ. ಬೆಳಕು ಒಳಗೆ ಹೋಗದಂತೆ ಕಪ್ಪು ಪದರ ಕಾಯುತ್ತದೆ. ಸ್ಟುಡಿಯೋದ ಕತ್ತಲೆ ಕೋಣೆ ಇಡಿಯಾಗಿ ಆ ಹಾಳೆಯೊಳಗಿದೆ.

ಇನ್ನೊಂದು ಮಾತು. ಈ ಫೋಟೊದ ನೆಗೆಟಿವ್ ಕೂಡ ಆ ಹಾಳೆಯೊಳಗೇ ಮುಚ್ಚಿಹೋಗಿರುತ್ತದೆ. ಫೋಟೊ ಯಾರ ಕೈಗೆ ಹೋಯಿತೋ ನೆಗೆಟಿವ್ ಕೂಡ ಅವರ ಮನೆಗೇ ಹೋಯಿತು. ತೆಗೆದವನ ಹತ್ತಿರ ಏನೂ ಉಳಿಯುವುದಿಲ್ಲ.

ಶುರುವಿನಲ್ಲಿ ಇದು ನನಗೆ ಕಷ್ಟವಾಗುತ್ತಿತ್ತು. ಚೆಂದದ ಫೋಟೊ ಬಂದರೆ ಕೊಡುವ ಮುಂಚೆ ಮೊಬೈಲಿನಲ್ಲಿ ಅದರದೊಂದು ಫೋಟೊ ತೆಗೆದಿಟ್ಟುಕೊಳ್ಳುತ್ತಿದ್ದೆ. ಹೀಗೆ ಏಳೆಂಟು ಸಲ ಮಾಡಿರಬೇಕು. ಒಂದು ದಿನ ಒಬ್ಬ ಹುಡುಗಿ ಕೇಳಿದಳು, “ಮತ್ತ ಇದೂ ಹೊಕ್ಕೈತೇನ್ರಿ, ಆ ಸರ್ವರ್‌ಗೆ?” ಅವತ್ತೇ ಬಿಟ್ಟೆ. ಈಗ ಫೋಟೊದ ಬದಲು ಕಿಸೆಯಲ್ಲಿ ಒಂದು ಚಿಕ್ಕ ಪುಸ್ತಕ ಇಟ್ಟಿದ್ದೇನೆ. ಒಂದೊಂದು ಫೋಟೊಗೆ ಒಂದೊಂದು ಸಾಲು ಬರೆಯುತ್ತೇನೆ. “ಬೇವಿನ ಗಿಡದ ಕೆಳಗೆ. ಅಕ್ಕ ತಂಗಿ. ಅಕ್ಕ ನಗಲಿಲ್ಲ.” “ಕೃಷಿಹೊಂಡದ ಅಂಚು. ಅಪ್ಪನ ಹೆಗಲ ಮೇಲೆ ಕೂಸು. ಕೂಸು ಅಲುಗಾಡಿ ಕೈ ಮಸುಕು.” ರಾತ್ರಿ ಈ ಸಾಲು ಓದಿದರೆ ಮುಖ ಕಣ್ಣೆದುರು ಬರುತ್ತದೆ. ಮೊಬೈಲಿನಲ್ಲಿರುವ ಸಾವಿರಾರು ಮುಖಗಳಲ್ಲಿ ಹತ್ತೂ ಹೀಗೆ ನೆನಪಿಗೆ ಬರುವುದಿಲ್ಲ.

ಫೋಟೊಗಳು ಎಲ್ಲಿ ಹೋಗಿ ಸೇರುತ್ತವೆ ಅಂತ ನೋಡುವುದು ನನ್ನ ದೊಡ್ಡ ಸಂತೋಷ. ಮಿನಿ ಹಾಳೆಯ ಅಳತೆ 86 ಮಿಲಿಮೀಟರ್ ಉದ್ದ, 54 ಅಗಲ. ಹೆಚ್ಚೂಕಡಿಮೆ ಎಟಿಎಂ ಕಾರ್ಡಿನ ಅಳತೆ. ಹಾಗಾಗಿ ಆಧಾರ್ ಕಾರ್ಡಿನ ಪ್ಲಾಸ್ಟಿಕ್ ಕವರಿನಲ್ಲಿ ಸರಿಯಾಗಿ ಕೂರುತ್ತದೆ. ಜಾಬ್ ಕಾರ್ಡಿನ ಮಡಿಕೆಯಲ್ಲಿ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ, ಗವಿಸಿದ್ಧೇಶ್ವರ ಅಜ್ಜನ ಪಟದ ಚೌಕಟ್ಟಿನ ಮೂಲೆಯಲ್ಲಿ ನೋಡಿದ್ದೇನೆ. ಒಬ್ಬರು ಜೋಳದ ಹಿಟ್ಟಿನ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿದ್ದರು. ರೊಟ್ಟಿ ಮಾಡಲು ಕೂತಾಗೆಲ್ಲ ಮಗನ ಮುಖ ಕಾಣುತ್ತದೆ. ಅವನು ಮಂಗಳೂರಿಗೆ ದುಡಿಯಲು ಹೋಗಿದ್ದಾನೆ.

ಕಿನ್ನಾಳಕ್ಕೂ ಒಮ್ಮೆ ಇದನ್ನು ತಗೊಂಡು ಹೋಗಿದ್ದೆ. ಕಿನ್ನಾಳದ ಗೊಂಬೆ ಗೊತ್ತಲ್ಲ. ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟಿನಲ್ಲಿ ಗೋಣಿನಾರಿನ ಪುಡಿ ಕಲಸಿದ ಕಿಟ್ಟ ಮೆತ್ತಿ, ಮೇಲೆ ಬಣ್ಣ ಹಾಕುತ್ತಾರೆ. ತಲೆಮಾರುಗಳಿಂದ ಚಿತ್ರಗಾರ ಮನೆತನದವರು ಮಾಡಿಕೊಂಡು ಬಂದ ಕೆಲಸ, ಜಿಐ ಮಾನ್ಯತೆಯೂ ಸಿಕ್ಕಿದೆ. ಒಬ್ಬ ಹಿರಿಯರು ಗೌರಿಯ ಗೊಂಬೆಗೆ ಬಣ್ಣ ಹಚ್ಚುತ್ತಿದ್ದರು. ಗೊಂಬೆಯ ಜೊತೆ ಅವರ ಫೋಟೊ ತೆಗೆದು ಕೈಗೆ ಕೊಟ್ಟೆ. ಕುಂಚ ಕೆಳಗಿಟ್ಟರು. ಫೋಟೊವನ್ನು ಅಂಗೈ ಮೇಲೆ ಇಟ್ಟುಕೊಂಡು ಕಣ್ಣು ಮಿಟುಕಿಸದೆ ನೋಡಿದರು. ಮೊದಲು ಬಾಗಿಲಿನ ಕತ್ತಲು ಮೂಡಿತು. ಆಮೇಲೆ ಅವರ ಹುಬ್ಬು, ಕಣ್ಣು, ಮೀಸೆಯ ಕರಿ ಗೆರೆ. ಗಲ್ಲದ ಬಣ್ಣ, ಗೊಂಬೆಯ ಕೆಂಪು ಸೀರೆ ತಡವಾಗಿ ತುಂಬಿಕೊಂಡವು.

“ನಿಮ್ಮದ್ರಾಗ ಕಣ್ಣು ಮೊದಲ ಬರ್ತಾವ ನೋಡ್ರಿ” ಅಂದರು. “ನಾವು ಎಲ್ಲಾ ಮುಗಿಸಿ ಕಟ್ಟಕಡೀಗೆ ಕಣ್ಣು ಬರೀತೀವಿ. ಕಣ್ಣು ಬರದ್ರ ಮುಗೀತು, ಅದು ನಮ್ಮದಲ್ಲ.”

ಅಷ್ಟು ಹೇಳಿ ಮತ್ತೆ ಕುಂಚ ಎತ್ತಿಕೊಂಡರು. ಆ ಫೋಟೊ ಅವರ ಬಣ್ಣದ ಬಟ್ಟಲುಗಳ ಹಿಂದೆ ಗೋಡೆಗೆ ಒರಗಿ ನಿಂತಿತ್ತು. ಎಷ್ಟು ಗೊಂಬೆ ಅವರ ಕೈಯಿಂದ ಹೊರಗೆ ಹೋಗಿರಬೇಕು! ಯಾವುದರದೂ ನಕಲು ಅವರು ಇಟ್ಟುಕೊಂಡಿಲ್ಲ. ಒಂದರ ಹಾಗೆ ಇನ್ನೊಂದು ಇರುವುದೂ ಇಲ್ಲ.

ಗವಿಮಠದ ಜಾತ್ರೆಯಲ್ಲಿ ಮಾತ್ರ ಒಂದು ಪೇಚಿಗೆ ಸಿಕ್ಕಿಕೊಂಡೆ. ಜನವರಿಯಲ್ಲಿ ತೇರು. ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ಜೋಳದ ರೊಟ್ಟಿ, ಮಾದಲಿ, ಕಾಳು ಕಡಿ ಗಾಡಿ ಗಾಡಿ ಬರುತ್ತದೆ. ಒಂದು ಟ್ರ್ಯಾಕ್ಟರ್‌ನಲ್ಲಿ ರೊಟ್ಟಿಯ ಗಂಟುಗಳ ನಡುವೆ ಹದಿನಾಲ್ಕು ಹೆಣ್ಣುಮಕ್ಕಳು ಕೂತು ಬಂದಿದ್ದರು. “ನಮ್ಮದೂ ಒಂದು ತೆಗೀರಿ ಅಣ್ಣಾರ” ಅಂದರು. ಒತ್ತೊತ್ತಾಗಿ ನಿಂತರು, ತೆಗೆದೆ. ಪ್ಯಾಕಿನಲ್ಲಿ ಅದೇ ಕೊನೆಯ ಹಾಳೆ. ಒಂದು ಫೋಟೊ, ಹದಿನಾಲ್ಕು ಜನ. ಯಾರ ಮನೆಗೆ ಹೋಗಬೇಕು? ಮೊಬೈಲಿನದಾಗಿದ್ದರೆ ಗ್ರೂಪಿಗೆ ಹಾಕಿದರೆ ಮುಗಿಯುತ್ತಿತ್ತು. ಜೋರು ಚರ್ಚೆ ನಡೆಯಿತು. ಊರ ಗುಡಿಯಲ್ಲಿ ಇಡೋಣ ಅಂದರು ಒಬ್ಬರು. ಕೊನೆಗೆ ಅವರ ಸಂಘದ ಲೆಕ್ಕದ ಪುಸ್ತಕದಲ್ಲಿ ಇಡುವುದು ಅಂತ ತೀರ್ಮಾನವಾಯಿತು. ವಾರ ವಾರ ಸಭೆ ಒಬ್ಬೊಬ್ಬರ ಮನೆಯಲ್ಲಿ ಆಗುತ್ತದೆ, ಪುಸ್ತಕ ಸುತ್ತುತ್ತದೆ. ಪುಸ್ತಕದ ಜೊತೆ ಫೋಟೊನೂ ಸುತ್ತುತ್ತದೆ. ಮುಂದೆ ಆ ಊರಿಗೆ ಬದುವಿನ ಅಳತೆಗೆ ಹೋದಾಗ ನೋಡಿದೆ. ರಟ್ಟಿನ ಒಳಗಡೆ ಪ್ಲಾಸ್ಟಿಕ್ ಹಾಕಿ ಹೊಲಿದಿದ್ದರು.

ಇಂಥ ಫಿಲ್ಮು ಇನ್ನೂ ಇದೆಯಲ್ಲ ಅನ್ನುವುದೇ ಒಂದು ದೊಡ್ಡ ಮಾತು. ಡಿಜಿಟಲ್ ಹೊಡೆತಕ್ಕೆ ಪೋಲರಾಯ್ಡ್ ಕಂಪನಿ 2001ರಲ್ಲಿ ದಿವಾಳಿ ಅರ್ಜಿ ಹಾಕಿತು. 2008ರಲ್ಲಿ ಫಿಲ್ಮು ಮಾಡುವುದನ್ನೇ ನಿಲ್ಲಿಸುತ್ತೇವೆ ಅಂದಿತು. ನೆದರ್‌ಲೆಂಡ್ಸ್‌ನ ಎನ್ಸ್‌ಖೆಡೆ ಊರಿನಲ್ಲಿದ್ದ ಕೊನೆಯ ಕಾರ್ಖಾನೆಯ ಯಂತ್ರಗಳನ್ನು ಕೆಲವರು ಸೇರಿ ಉಳಿಸಿಕೊಂಡರು. ತಮ್ಮ ಗುಂಪಿಗೆ ಇಂಪಾಸಿಬಲ್ ಪ್ರಾಜೆಕ್ಟ್ ಅಂತ ಹೆಸರಿಟ್ಟರು. ಹಳೆಯ ಫಿಲ್ಮಿಗೆ ಬೇಕಾದ ಎಷ್ಟೋ ಸಾಮಾನು ತಯಾರಾಗುವುದೇ ನಿಂತಿತ್ತು. ಹೊಸದಾಗಿ ಪಾಕ ಹಿಡಿಯಬೇಕಾಯಿತು. 2010ರಲ್ಲಿ ಮೊದಲ ಫಿಲ್ಮು ತಂದರು. ಒಂದು ಕೈಕೆಲಸ ಉಳಿಯಲಿ ಅಂತ ಯಾರೋ ದೂರದಲ್ಲಿ ಇಷ್ಟು ಒದ್ದಾಡಿದ್ದು ನೆನೆದರೆ, ಅವರ ಮೇಲೆ ಪ್ರೀತಿ ಬರುತ್ತದೆ.

ಕೊಟ್ಟದ್ದನ್ನು ಎಲ್ಲರೂ ಇಟ್ಟುಕೊಳ್ಳುತ್ತಾರೆ ಅಂತೇನಿಲ್ಲ. ಇಟಲಿಯ ಸಿನಿಮಾ ನಿರ್ದೇಶಕ ಆಂಟೋನಿಯೊನಿ ಒಮ್ಮೆ ಉಜ್ಬೇಕಿಸ್ತಾನದಲ್ಲಿ ಪೋಲರಾಯ್ಡ್ ಕ್ಯಾಮೆರಾದಿಂದ ಮೂವರು ಮುದುಕರ ಫೋಟೊ ತೆಗೆದು ಅವರಿಗೇ ಕೊಟ್ಟರಂತೆ. ಜೊತೆಗಿದ್ದ ಚಿತ್ರಕತೆಗಾರ ಟೊನಿನೊ ಗುವೆರ್ರಾ ಇದನ್ನು ಹೇಳಿದ್ದಾರೆ. ಮೂವರಲ್ಲಿ ಎಲ್ಲರಿಗಿಂತ ಹಿರಿಯ ಅದನ್ನು ನೋಡಿ ತಿರುಗಿ ಕೊಟ್ಟುಬಿಟ್ಟ. ಕಾಲವನ್ನು ನಿಲ್ಲಿಸಿ ಏನು ಉಪಯೋಗ ಅಂತ ಕೇಳಿದ. ನನಗೆ ಈ ಮಾತು ತುಂಬ ದಿನ ಕಾಡಿತು. ನಾನು ಕೊಡುವುದು ಅವರಿಗೆ ಬೇಕೋ ಬೇಡವೋ ಅಂತ ಮೊದಲು ಕೇಳಬೇಕು ಅನ್ನುವುದನ್ನು ಅದರಿಂದ ಕಲಿತೆ.

ನನಗೂ ಒಂದು ಫೋಟೊ ವಾಪಸ್ ಬಂದಿದೆ. ಕಾರಣ ಬೇರೆ.

ಹೋದ ವರ್ಷ ಮೇ ತಿಂಗಳು, ಅದೇ ಕೆರೆ. ಎಪ್ಪತ್ತರ ಹತ್ತಿರದ ಒಬ್ಬ ಅಜ್ಜ. ಗುದ್ದಲಿ ಹಿಡಿಯುವ ಶಕ್ತಿ ಇಲ್ಲ, ಎಲ್ಲರಿಗೂ ನೀರು ಕೊಡುವ ಕೆಲಸಕ್ಕೆ ಬರುತ್ತಿದ್ದರು. ನಾನು ಎರಡು ಹೆಜ್ಜೆ ದೂರದಲ್ಲಿ ನಿಂತು ತೆಗೆದೆ. ಈ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡುವ ಕಿಂಡಿ ಲೆನ್ಸಿನ ಮಗ್ಗುಲಿಗಿದೆ. ತೀರಾ ಹತ್ತಿರ ಹೋದರೆ, ಕಿಂಡಿಯಲ್ಲಿ ನಟ್ಟ ನಡುವೆ ಕಂಡವರು ಫೋಟೊದಲ್ಲಿ ಒಂದು ಕಡೆಗೆ ಸರಿದಿರುತ್ತಾರೆ. ಅವತ್ತೂ ಹಾಗೇ ಆಯಿತು. ಅಜ್ಜ ಒಂದು ಬದಿಗೆ, ಇನ್ನೊಂದು ಬದಿಗೆ ಬರೀ ಕೆರೆಯ ಒಣ ಮಣ್ಣು.

ಅಜ್ಜ ಫೋಟೊವನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ಆ ಖಾಲಿ ಜಾಗದ ಮೇಲೆ ಹೆಬ್ಬೆರಳು ಇಟ್ಟರು.

“ಇದು ಆಕಿ ನಿಂದ್ರೋ ಜಾಗ ಅಲ್ಲೇನ್ರಿ? ಆಕಿ ಇಲ್ದ ನಾನೊಬ್ಬನ ಹೆಂಗ? ಇದನ್ನ ನೀವ ಇಟ್ಗೋರಿ. ಆಕೀನ ಕರಕೊಂಡು ಬರ್ತೀನಿ, ಆವಾಗ ತೆಗೀರಿ.”

ಮುಂದಿನ ಗುರುವಾರ ಇಬ್ಬರೂ ಬಂದರು. ಅಜ್ಜಿ ಹಸಿರು ಇಳಕಲ್ ಸೀರೆ ಉಟ್ಟಿದ್ದರು, ಪೆಟ್ಟಿಗೆಯಲ್ಲಿಟ್ಟ ಮಡಿಕೆ ಹಾಗೇ ಕಾಣುತ್ತಿತ್ತು. ಅಜ್ಜನ ರುಮಾಲು ಹೊಸದು. ಬೇವಿನ ನೆರಳಿನಲ್ಲಿ ನಿಲ್ಲಿಸಿದೆ. ಈ ಸಲ ಕಿಂಡಿಯ ಮೋಸ ಲೆಕ್ಕಕ್ಕೆ ಹಿಡಿದು, ಸ್ವಲ್ಪ ಪಕ್ಕಕ್ಕೆ ತಿರುಗಿಸಿ, ಒಂದು ಹೆಜ್ಜೆ ಹಿಂದೆ ಹೋಗಿ ಒತ್ತಿದೆ. ಒಂದೂವರೆ ನಿಮಿಷ ಇಬ್ಬರೂ ಮಾತಾಡಲಿಲ್ಲ. ಚಿತ್ರ ಪೂರ್ತಿ ಬಂದ ಮೇಲೆ ಅಜ್ಜಿ ಅದನ್ನು ಇಸಕೊಂಡು, ಸೆರಗಿನಲ್ಲಿ ಒಮ್ಮೆ ಒರೆಸಿ, ಸೊಂಟದ ಸಂಚಿ ಬಿಚ್ಚಿ ಎಲೆ ಅಡಿಕೆಯ ಪಕ್ಕದ ಅರೆಯಲ್ಲಿಟ್ಟು ದಾರ ಎಳೆದರು. ಇನ್ನೊಂದು ಸಲ ತೋರಿಸು ಅಂತ ಅಜ್ಜ ಕೈ ಚಾಚಿದರು.

“ಮನೀಗೆ ಹೋಗಿ ನೋಡೂನ ನಡೀರಿ” ಅಂದರು ಅಜ್ಜಿ.

ಮೊದಲ ಫೋಟೊ ನನ್ನ ಕಿಸೆಯ ಪುಸ್ತಕದಲ್ಲಿದೆ. ಇಷ್ಟು ದಿನ ತೆಗೆದವುಗಳಲ್ಲಿ ನನ್ನ ಹತ್ತಿರ ಇರುವುದು ಅದೊಂದೇ. ಒಂದು ಬದಿಗೆ ಅಜ್ಜ, ಇನ್ನೊಂದು ಬದಿಗೆ ಕೆರೆಯ ಮಣ್ಣು, ಅಜ್ಜ ಹೆಬ್ಬೆರಳು ಇಟ್ಟಲ್ಲಿ ಒಂದು ಸಣ್ಣ ಗುರುತು.